ದಿನದ ಬಾಡಿಗೆ ಮನೆಗೆ ಎಂಥ ಅಡುಗೆಮನೆ: ಕೆಟಲ್ ಸಾಕಾ, ಇಂಡಕ್ಷನ್ನಾ, ಗ್ಯಾಸಾ?

ಚಿತ್ರದುರ್ಗದಲ್ಲಿ ಕೋಟೆ ಹತ್ತಿರ ಒಂದು ಮಹಡಿ ಮನೆ, ದಾವಣಗೆರೆಯಲ್ಲಿ ಮಕ್ಕಳು ಬೆಂಗಳೂರು ಸೇರಿದ ಮೇಲೆ ಖಾಲಿ ಬಿದ್ದ ಎರಡು ರೂಮು, ಚನ್ನಗಿರಿ ಕಡೆ ಅಡಿಕೆ ತೋಟದೊಳಗೊಂದು ಮನೆ. ಇಂಥದ್ದನ್ನು ದಿನದ ಬಾಡಿಗೆಗೆ ಕೊಡೋಣ ಅಂತ ಹೊರಟವರು ಹಾಸಿಗೆ, ಗೀಸರ್, ವೈಫೈ ಎಲ್ಲ ಎರಡೇ ದಿನದಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ಅಡುಗೆಮನೆಗೆ ಬಂದಾಗ ಮಾತ್ರ ನಿಂತುಬಿಡುತ್ತಾರೆ. ಕೆಟಲ್ ಇಟ್ಟರೆ ಸಾಕು ಅಂತ ಒಬ್ಬರು, ಇಂಡಕ್ಷನ್ ಇಡಿ ಅಂತ ಇನ್ನೊಬ್ಬರು, ಗ್ಯಾಸು, ಮಿಕ್ಸಿ, ಫ್ರಿಜ್ಜು ಇಲ್ಲದಿದ್ದರೆ ಯಾರೂ ಬರಲ್ಲ ಅಂತ ಮತ್ತೊಬ್ಬರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅಡುಗೆಮನೆ ಬೇಕು ಅಂತ ಕೇಳಿ ಬರುವವರು ರುಚಿಗಾಗಿ ಅಡುಗೆ ಮಾಡುವವರಲ್ಲ. ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ಎಲ್ಲ ಹೊರಗೇ ಸಿಗುವಾಗ ಮನೆಯಲ್ಲಿ ಯಾರು ಕೈ ಸುಟ್ಟುಕೊಳ್ಳುತ್ತಾರೆ? ಅಡುಗೆಮನೆ ಕೇಳುವವರು ಹೊರಗಿನದನ್ನು ತಿನ್ನಲಾಗದವರು. ಚಿಕ್ಕ ಮಗು ಇರುವವರು, ಸಕ್ಕರೆ ಕಾಯಿಲೆಯ ಅಪ್ಪ, ಆಸ್ಪತ್ರೆಯಿಂದ ಬಂದ ಅಜ್ಜಿ, ವಾರಗಟ್ಟಲೆ ಹೋಟೆಲ್ ಬಿಲ್ಲು ಕಟ್ಟಲಾಗದ ಮನೆಯವರು. ಇವರಿಗೆ ಬೇಕಾದದ್ದು ಅನ್ನ, ಸಾರು, ಹಾಲು, ಗಂಜಿ. ಇಷ್ಟನ್ನು ತೊಂದರೆ ಇಲ್ಲದೆ ಮಾಡಿಕೊಳ್ಳುವಂತಿದ್ದರೆ ನಿಮ್ಮ ಅಡುಗೆಮನೆ ಪಾಸು. ಇಪ್ಪತ್ನಾಲ್ಕು ಪೀಸಿನ ಡಿನ್ನರ್ ಸೆಟ್ ಆಮೇಲೆ ನೋಡಿಕೊಂಡರಾಯಿತು.

ಪಾತ್ರೆ ಅಂಗಡಿಗೆ ಹೋಗುವ ಮೊದಲು

ಯಾರು ಬರುತ್ತಾರೆ, ಎಷ್ಟು ರಾತ್ರಿ ಇರುತ್ತಾರೆ ಅನ್ನುವುದೇ ಮೊದಲ ಪ್ರಶ್ನೆ. ಚಿತ್ರದುರ್ಗಕ್ಕೆ ಬರುವವರು ಹೆಚ್ಚಾಗಿ ಒಂದು ರಾತ್ರಿಯವರು. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಬೆಳಿಗ್ಗೆ ಕೋಟೆ ಹತ್ತಿ, ಒನಕೆ ಓಬವ್ವನ ಕಿಂಡಿ ನೋಡಿ, ಸಂಜೆ ಚಂದ್ರವಳ್ಳಿ ಸುತ್ತಿ, ಮರುದಿನ ಹೊರಟುಬಿಡುತ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದ ಮೇಲೆ ಅದನ್ನೂ ಸೇರಿಸಿಕೊಳ್ಳುವವರಿದ್ದಾರೆ, ಆದರೂ ಎರಡು ರಾತ್ರಿ ದಾಟುವುದು ಅಪರೂಪ. ದಾವಣಗೆರೆ ಲೆಕ್ಕವೇ ಬೇರೆ. ಅಲ್ಲಿ ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ದೊಡ್ಡ ಆಸ್ಪತ್ರೆಗಳು. ಮಗಳನ್ನು ಹಾಸ್ಟೆಲ್‌ಗೆ ಸೇರಿಸಲು ಬಂದ ತಂದೆತಾಯಿ, ಆಪರೇಷನ್ ಆದವರ ಮನೆಯವರು, ಮದುವೆಗೆ ಬಂದ ನೆಂಟರು. ಇವರು ನಾಲ್ಕೈದು ದಿನ ಇರುತ್ತಾರೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ.

ಆಮೇಲೆ ನೀರು. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದರೆ ನಮ್ಮ ಕಡೆ ಅರ್ಧ ಅಡುಗೆಮನೆ ಇದೇ. ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಗಡಸುತನವೂ ಜಾಸ್ತಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತಿದೆ. ಕುದಿಸಿದರೆ ಹೋಗುತ್ತದೆ ಅಂತ ನಂಬಿದವರು ಇನ್ನೂ ಇದ್ದಾರೆ. ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್ ಕೂಡ ಅದನ್ನು ತೆಗೆಯಲ್ಲ, ಆರ್‌ಒ ತೆಗೆಯುತ್ತದೆ. ಹಾಗಂತ ಎಲ್ಲರೂ ಆರ್‌ಒ ಮಷಿನ್ ಹಾಕಿಸಬೇಕು ಅಂತಲ್ಲ. ಅದು ಒಂದಷ್ಟು ನೀರನ್ನು ಹೊರಗೆ ಬಿಡುತ್ತದೆ, ಫಿಲ್ಟರ್ ಬದಲಿಸುವ ಖರ್ಚಿದೆ, ಮನೆ ವಾರಗಟ್ಟಲೆ ಖಾಲಿ ಇದ್ದರೆ ಒಳಗೆ ನಿಂತ ನೀರನ್ನು ಚೆಲ್ಲಿಯೇ ಬಳಸಬೇಕು. ತಿಂಗಳಿಗೆ ಎರಡು ಮೂರು ಬುಕಿಂಗ್ ಬರುವ ಮನೆಗೆ ಶುದ್ಧ ನೀರಿನ ಘಟಕದಿಂದ ತುಂಬಿಸಿದ 20 ಲೀಟರ್ ಕ್ಯಾನ್ ಮತ್ತು ಅದಕ್ಕೊಂದು ಸ್ಟ್ಯಾಂಡು ಸಾಕು. ಪ್ರತಿ ವಾರ ಜನ ಇದ್ದರೆ ಮಷಿನ್ ಹಾಕಿಸಿ, ಇಲ್ಲದಿದ್ದರೆ ಕ್ಯಾನ್ ಹೊರುವುದೇ ಒಂದು ಕೆಲಸವಾಗುತ್ತದೆ.

ಇದೇ ಗಡಸು ನೀರು ಅಡುಗೆಗೂ ಅಡ್ಡ ಬರುತ್ತದೆ. ಬೋರ್ ನೀರಿನಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ. ಮೈಸೂರು ಕಡೆಯಿಂದ ಬಂದವರು ನಾಲ್ಕು ವಿಷಲ್ ಕೂಗಿಸಿ, ಬೇಳೆ ಹಾಗೇ ಇರುವುದು ನೋಡಿ, ಕುಕ್ಕರ್ ಸರಿ ಇಲ್ಲ ಅಂತ ರಿವ್ಯೂ ಬರೆದು ಹೋಗುತ್ತಾರೆ. ಒಲೆ ಮೇಲಿನ ಗೋಡೆಗೆ ‘ಬೇಳೆಗೆ, ಟೀಗೆ ಕ್ಯಾನ್ ನೀರು ಬಳಸಿ’ ಅಂತ ಒಂದು ಚೀಟಿ ಅಂಟಿಸಿ. ಕೆಟಲ್ ಒಳಗೆ ಬಿಳಿ ಪೊರೆ ಕಟ್ಟಿದ್ದರೆ ನಿಂಬೆರಸ ಹಾಕಿ ನೀರು ಕುದಿಸಿ ಚೆಲ್ಲಿ. ಅದು ಕೊಳಕಲ್ಲ, ಬರೀ ಸುಣ್ಣದಂಶ, ಆದರೆ ಬಂದವರಿಗೆ ಅದು ಗೊತ್ತಿರಬೇಕಲ್ಲ!

ಮೂರನೆಯದು ಕರೆಂಟು. ನಾಲ್ಕನೆಯದು ಪಾತ್ರೆ ತೊಳೆಯುವವರು ಯಾರು ಅನ್ನುವುದು. ಐದನೆಯದು ಮಾಂಸದಡುಗೆಗೆ ಬಿಡುತ್ತೀರೋ ಇಲ್ಲವೋ. ಕೊನೆಯದರ ಬಗ್ಗೆ ಮುಂದೆ ಬರೆಯುತ್ತೇನೆ, ನಮ್ಮ ಊರುಗಳಲ್ಲಿ ಅದು ಚಿಕ್ಕ ವಿಷಯವೇನಲ್ಲ.

ಬರೀ ಚಹಾ ಮೂಲೆ

ಕೆಟಲ್, ನಾಲ್ಕು ಲೋಟ, ಸಕ್ಕರೆ, ಟೀ ಪುಡಿ, ಟೀ ಸೋಸುವ ಜಾಲರಿ, ಎರಡು ತಟ್ಟೆ, ಚಮಚ, ಒಂದು ಚಾಕು. ಸುಮಾರು ಎರಡು ಸಾವಿರದೊಳಗೆ ಮುಗಿಯುತ್ತದೆ. ಒಂದು ರಾತ್ರಿಗೆ ಬರುವ ಕೋಟೆ ನೋಡುವವರಿಗೆ ಇದು ಸಾಕು. ತೊಳೆಯುವುದು ಕಡಿಮೆ, ಬೆಂಕಿಯ ಭಯ ಇಲ್ಲ, ಇರುವೆ ಜಿರಳೆ ಕಾಟವೂ ಕಡಿಮೆ.

ಆದರೆ ಒಂದು ಮಾತು. ಕೆಟಲ್‌ನಲ್ಲಿ ನೀರು ಮಾತ್ರ ಕಾಯಿಸಬೇಕು. ನಮ್ಮ ಜನ ಅದರಲ್ಲೇ ಹಾಲು ಕಾಯಿಸುತ್ತಾರೆ, ಮ್ಯಾಗಿ ಬೇಯಿಸುತ್ತಾರೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಹಾಲು ಉಕ್ಕಿ ತಳ ಹಿಡಿದ ಕೆಟಲ್ ಅನ್ನು ಎಷ್ಟು ತಿಕ್ಕಿದರೂ ವಾಸನೆ ಹೋಗಲ್ಲ. ಬೇಡ ಅಂತ ಬೋರ್ಡು ಹಾಕಿದರೂ ಕೇಳುವವರಿಲ್ಲ, ಯಾಕೆಂದರೆ ಮಗುವಿಗೆ ರಾತ್ರಿ ಹಾಲು ಬೇಕೇ ಬೇಕು. ಹಾಗಾಗಿ ಮಕ್ಕಳ ಸಮೇತ ಬರುವವರು ಜಾಸ್ತಿ ಇದ್ದರೆ ಚಹಾ ಮೂಲೆಯಲ್ಲಿ ನಿಲ್ಲಬೇಡಿ, ಒಂದು ಹೆಜ್ಜೆ ಮುಂದೆ ಹೋಗಿ.

ಇಂಡಕ್ಷನ್ ಒಲೆ

ಒಲೆ, ತಳ ದಪ್ಪ ಇರುವ ಎರಡು ಸ್ಟೀಲ್ ಪಾತ್ರೆ, ಇಂಡಕ್ಷನ್‌ಗೆ ಆಗುವ ಕುಕ್ಕರ್, ಒಂದು ತವಾ, ತಟ್ಟೆ ಲೋಟ ಎಲ್ಲ ಸೇರಿ ಎಂಟರಿಂದ ಹನ್ನೆರಡು ಸಾವಿರ ಅಂತ ಇಟ್ಟುಕೊಳ್ಳಿ. ಸಿಲಿಂಡರ್ ತರಿಸುವ ಗೋಜಿಲ್ಲ. ಬಂದವರು ಆರಿಸದೆ ಹೋದರೂ ಪಾತ್ರೆ ತೆಗೆದ ಕೂಡಲೇ ಬಿಸಿಯಾಗುವುದು ನಿಲ್ಲುತ್ತದೆ. ಗೋಡೆಗೆ ಮಸಿ ಹತ್ತಲ್ಲ. ಖರ್ಚೂ ಭಯಪಡುವಷ್ಟಿಲ್ಲ: 2000 ವ್ಯಾಟ್ ಒಲೆಯನ್ನು ಪೂರ್ತಿ ಉರಿಯಲ್ಲಿ ಒಂದು ಗಂಟೆ ಇಟ್ಟರೆ ಎರಡು ಯೂನಿಟ್.

ತೊಂದರೆ ಇರುವುದು ಹಳೆ ಮನೆಯ ವೈರಿಂಗ್‌ನಲ್ಲಿ. 2000 ವ್ಯಾಟ್ ಅಂದರೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಹಾಕುವ ಚಿಕ್ಕ ಸಾಕೆಟ್ 6 ಆಂಪಿಯರಿನದು. ಅದಕ್ಕೊಂದು ಅಡಾಪ್ಟರ್ ಸಿಕ್ಕಿಸಿ ಒಲೆ ಹಚ್ಚಿದರೆ ಸಾಕೆಟ್ ಕರಗುತ್ತದೆ. 16 ಆಂಪಿಯರಿನ ಸಾಕೆಟ್ ಹಾಕಿಸಿ, ಕೆಟಲ್‌ಗೆ ಬೇರೆ ಕಡೆ ಪ್ಲಗ್ ಕೊಡಿ, ಎರಡೂ ಒಟ್ಟಿಗೆ ಓಡಿದರೆ ತಡೆಯುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿಕೊಳ್ಳಿ. ಮತ್ತೆ, ಕರೆಂಟ್ ಹೋದರೆ ಮನೆಯ ಯುಪಿಎಸ್ ಲೈಟು ಫ್ಯಾನು ನಡೆಸುತ್ತದೆ, ಈ ಒಲೆ ನಡೆಸಲ್ಲ. ಹಳ್ಳಿ ಕಡೆಯ ತೋಟದ ಮನೆಗೆ ಬರೀ ಇಂಡಕ್ಷನ್ ನಂಬಿಕೊಂಡರೆ ಒಂದಲ್ಲ ಒಂದು ದಿನ ನಿಮಗೆ ಫೋನ್ ಬಂದೇ ಬರುತ್ತದೆ.

ಪಾತ್ರೆ ಕೊಳ್ಳುವಾಗ ಕೈಯಲ್ಲೊಂದು ಅಯಸ್ಕಾಂತ ಇರಲಿ. ತಳಕ್ಕೆ ಅಂಟಿದರೆ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಉಳಿದಿರುವ ಹಳೆ ಅಲ್ಯೂಮಿನಿಯಂ ಪಾತ್ರೆ ತಂದಿಟ್ಟರೆ ಒಲೆ ಸುಮ್ನೆ ಬೀಪ್ ಬೀಪ್ ಅಂತಿರುತ್ತದೆ ಅಷ್ಟೆ. ರಾಗಿ ಮುದ್ದೆಗೆ ಇದು ಸರಿಹೋಗುವುದಿಲ್ಲ ಅಂತಲೂ ತಿಳಿದಿರಲಿ. ಹಿಟ್ಟು ಹಾಕಿದ ಮೇಲೆ ಕೋಲು ಒತ್ತಿ ತಿರುವಬೇಕು, ನುಣುಪಾದ ಗಾಜಿನ ಮೇಲೆ ಪಾತ್ರೆ ಜಾರುತ್ತದೆ, ಗಾಜಿಗೂ ಪೆಟ್ಟು. ಕೆಳಗಿಳಿಸಿ ತಿರುವಿಕೊಳ್ಳಬೇಕು.

ಗ್ಯಾಸ್ ಇಟ್ಟ ಪೂರ್ತಿ ಅಡುಗೆಮನೆ

ಎರಡು ಉರಿಯ ಒಲೆ, ಕುಕ್ಕರ್, ಮಿಕ್ಸಿ, ಪಾತ್ರೆ ಪಡಗ, ಫ್ರಿಜ್. ಫ್ರಿಜ್ ಬಿಟ್ಟು ಇಪ್ಪತ್ತರಿಂದ ಮೂವತ್ತು ಸಾವಿರ ಬೇಕು. ಆರೇಳು ಜನ ಒಟ್ಟಿಗೆ ಬರುವ ಮನೆ, ವಾರಗಟ್ಟಲೆ ಇರುವವರ ಮನೆ, ಕರೆಂಟ್ ನಂಬಲಾಗದ ಜಾಗ, ಈ ಮೂರರಲ್ಲಿ ಯಾವುದಾದರೂ ಒಂದಿದ್ದರೆ ಇದೇ ಸರಿ. ಒಂದು ಉರಿಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು ಅಂತಾದಾಗಲೇ ಅಡುಗೆ ಅಡುಗೆ ಅನಿಸುವುದು.

ಸಿಲಿಂಡರ್ ವಿಷಯದಲ್ಲಿ ಕಣ್ಣು ಮುಚ್ಚಿಕೊಳ್ಳಬೇಡಿ. ಮನೆ ಬಳಕೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ವ್ಯಾಪಾರಕ್ಕೆ 19 ಕೆಜಿಯದು ಇದೆ, ಚಿಕ್ಕ ಮನೆಗೆ 5 ಕೆಜಿಯದೂ ಸಿಗುತ್ತದೆ. ನಿಮ್ಮ ಮನೆಗೆ ಯಾವುದು ಅಂತ ಏಜೆನ್ಸಿಯಲ್ಲೇ ಕೇಳಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು, ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಗ್ಯಾಸ್ ಸೋರಿದರೆ ಕರೆ ಮಾಡುವ ನಂಬರ್ 1906. ಇದನ್ನು ದೊಡ್ಡದಾಗಿ ಬರೆದು ಅಂಟಿಸಿ. ರೆಗ್ಯುಲೇಟರ್ ಆನ್ ಮಾಡುವುದು, ಆಫ್ ಮಾಡುವುದು ಹೇಗೆ ಅಂತ ಬಂದವರಿಗೆ ನೀವೇ ನಿಂತು ತೋರಿಸಿ. ಪೈಪ್‌ಲೈನ್ ಗ್ಯಾಸ್ ಮನೆಯಿಂದ ಬಂದ ಹುಡುಗರಿಗೆ ಸಿಲಿಂಡರ್ ಮುಟ್ಟಿಯೇ ಗೊತ್ತಿರುವುದಿಲ್ಲ.

ಇದರ ನಿಜವಾದ ಖರ್ಚು ಸಾಮಾನಿನದಲ್ಲ, ತೊಳೆಯುವುದರದು. ಒಂದು ಸಂಸಾರ ಮೂರು ದಿನ ಇದ್ದು ಹೋದ ಅಡುಗೆಮನೆಯನ್ನು ಮುಂದಿನವರಿಗೆ ಸಿದ್ಧ ಮಾಡಲು ಎರಡು ತಾಸು ಬೇಕು. ಎಣ್ಣೆ ಜಿಡ್ಡು, ಮಿಕ್ಸಿ ಜಾರಿನ ತಳ, ಕುಕ್ಕರ್ ಗ್ಯಾಸ್ಕೆಟ್, ಫ್ರಿಜ್ಜಿನೊಳಗೆ ಬಿಟ್ಟು ಹೋದ ಅರ್ಧ ನಿಂಬೆಹಣ್ಣು. ಕೆಲಸಕ್ಕೆ ಬರುವ ಅಕ್ಕನಿಗೆ ಅದಕ್ಕೆ ತಕ್ಕ ದುಡ್ಡು ಕೊಡಿ, ಅದನ್ನು ಬಾಡಿಗೆಯಲ್ಲೇ ಸೇರಿಸಿ. ತೊಳೆಯಲು ಜನ ಸಿಗದ ಊರಿನಲ್ಲಿ ಇಂಡಕ್ಷನ್ನೇ ವಾಸಿ.

ನಾವೇ ಮಾಡಿಕೊಡುವುದು

ತೋಟದ ಮನೆಯವರಿಗೆ ಇದೊಂದು ದಾರಿ ಇದೆ. ಮುದ್ದೆ, ಸೊಪ್ಪಿನ ಸಾರು, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಪುಡಿ ಅಂದರೆ ಬೆಂಗಳೂರಿನವರು ಎರಡು ಮಾತಾಡದೆ ದುಡ್ಡು ಕೊಡುತ್ತಾರೆ. ಆದರೆ ಯಾರಾದರೂ ದಿನಾ ಇರಲೇಬೇಕು, ಊಟ ಮಾರುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು, ಮತ್ತು ಮಗುವಿಗೆ ರಾತ್ರಿ ಹನ್ನೊಂದಕ್ಕೆ ಹಾಲು ಬೇಕಾದರೆ ಅದಕ್ಕೂ ನಿಮ್ಮನ್ನೇ ಎಬ್ಬಿಸುತ್ತಾರೆ. ಹಾಗಾಗಿ ಊಟ ನೀವು ಕೊಟ್ಟರೂ ಒಂದು ಇಂಡಕ್ಷನ್, ಒಂದು ಹಾಲಿನ ಪಾತ್ರೆ ಅವರ ರೂಮಿನಲ್ಲಿರಲಿ.

ಯಾವ ಸಾಮಾನು, ಎಂಥದ್ದು

ಕುಕ್ಕರ್ ಮೇಲೆ ದುಡ್ಡು ಹಾಕಿ. ನಾಲ್ಕು ಜನರಿಗೆ 3 ಲೀಟರ್, ಅದಕ್ಕಿಂತ ಜಾಸ್ತಿ ಜನ ಬರುವಂತಿದ್ದರೆ 5 ಲೀಟರ್. ಒಂದೇ ಇಡುವುದಾದರೆ 5 ಲೀಟರಿನದೇ ಇಡಿ, ದೊಡ್ಡದರಲ್ಲಿ ಕಡಿಮೆ ಮಾಡಬಹುದು, ಚಿಕ್ಕದರಲ್ಲಿ ಜಾಸ್ತಿ ತುಂಬಿದರೆ ಅಪಾಯ. ಮೂರರಲ್ಲಿ ಎರಡು ಪಾಲಿಗಿಂತ ಮೇಲೆ ತುಂಬಬಾರದು, ಬೇಳೆಯಾದರೆ ಅರ್ಧಕ್ಕೆ ನಿಲ್ಲಿಸಬೇಕು. ಐಎಸ್‌ಐ ಗುರುತು ನೋಡಿ. ಹೊರಗಿನಿಂದ ಮುಚ್ಚುವ ಮುಚ್ಚಳ ಒಳ್ಳೆಯದು, ಒಳಗೆ ಸಿಕ್ಕಿಸುವ ಮುಚ್ಚಳ ರೂಢಿ ಇಲ್ಲದವರಿಗೆ ಒಗ್ಗುವುದಿಲ್ಲ. ಒಂದು ಗ್ಯಾಸ್ಕೆಟ್ ಹೆಚ್ಚಿಗೆ ತಂದು ಡ್ರಾಯರ್‌ನಲ್ಲಿಡಿ.

ಹಂಚಿನ ವಿಷಯದಲ್ಲಿ ಜಗಳ ಮುಗಿಯುವುದೇ ಇಲ್ಲ. ದಾವಣಗೆರೆಯವರಾದ ಮೇಲೆ ದಪ್ಪ ಕಬ್ಬಿಣದ ಹಂಚು ಇಡದೆ ಇರುವುದಾ ಅಂತ ಅನಿಸುತ್ತದೆ, ನನಗೂ ಅನಿಸುತ್ತದೆ. ಆದರೆ ಎಣ್ಣೆ ಕುಡಿಸಿ ಪಳಗಿಸಿದ ಹಂಚನ್ನು ಬಂದವರು ಸೋಪು, ಸ್ಟೀಲ್ ನಾರು ಹಾಕಿ ಉಜ್ಜಿ, ನೀರಿನಲ್ಲೇ ಬಿಟ್ಟು ಹೋಗುತ್ತಾರೆ, ಮರುದಿನ ತುಕ್ಕು. ನಾನ್‌ಸ್ಟಿಕ್ ಇಟ್ಟರೆ ಸ್ಟೀಲ್ ಚಮಚದಲ್ಲಿ ಕೆರೆಯುತ್ತಾರೆ, ಖಾಲಿ ತವಾವನ್ನೇ ಕಾಯಿಸುತ್ತಾರೆ, 260 ಡಿಗ್ರಿ ದಾಟಿದರೆ ಆ ಲೇಪನ ಕೆಡಲು ಶುರುವಾಗುತ್ತದೆ. ಬರುವವರು ಒಂದೆರಡು ರಾತ್ರಿಯವರಾದರೆ ಅಗ್ಗದ ನಾನ್‌ಸ್ಟಿಕ್ ಒಂದು, ಜೊತೆಗೆ ಮರದ ಸೌಟು, ವರ್ಷಕ್ಕೊಮ್ಮೆ ತವಾ ಬದಲಿಸಿ. ವಾರ ಇರುವವರಾದರೆ ಚಪಾತಿಗೆ ತೆಳ್ಳಗಿನ ಕಬ್ಬಿಣದ ತವಾ ಕೂಡ ಇಡಿ, ಅವರು ಚಪಾತಿ ಮಾಡಿಯೇ ಮಾಡುತ್ತಾರೆ. ರೊಟ್ಟಿ ತಟ್ಟುವ ಸಾಮಾನು ಬೇಡ. ಕಡಕ್ ರೊಟ್ಟಿ ಸಿಗುವ ಅಂಗಡಿ ಎಲ್ಲಿದೆ ಅಂತ ಹೇಳಿದರೆ ಸಾಕು.

ಪಾತ್ರೆ ಸ್ಟೀಲಿನದೇ ಇರಲಿ. ಅಲ್ಯೂಮಿನಿಯಂ ಅಗ್ಗ, ಹಗುರ, ಆದರೆ ಹುಣಸೆ ಹುಳಿಗೆ ಒಗ್ಗುವುದಿಲ್ಲ, ಇಂಡಕ್ಷನ್‌ಗೂ ಆಗಲ್ಲ. ತಟ್ಟೆಯಲ್ಲಿ ಪಿಂಗಾಣಿ ಫೋಟೋಗೆ ಚೆನ್ನಾಗಿ ಕಾಣುತ್ತದೆ, ನಿಜ. ಮಕ್ಕಳು ಬರುವ ಮನೆಗೆ ಸ್ಟೀಲ್ ತಟ್ಟೆಗೆ ಸಮ ಯಾವುದೂ ಇಲ್ಲ. ಫೋಟೋಗೆ ಬೇಕಾದರೆ ನಾಲ್ಕು ಪಿಂಗಾಣಿ ಕಪ್ಪು ಇಟ್ಟುಕೊಳ್ಳಿ. ಎಷ್ಟು ಜನ ಮಲಗಬಹುದೋ ಅದಕ್ಕಿಂತ ಎರಡು ತಟ್ಟೆ, ಎರಡು ಲೋಟ ಜಾಸ್ತಿ ಇರಲಿ, ಊರಿನ ನೆಂಟರು ನೋಡಲು ಬಂದೇ ಬರುತ್ತಾರೆ.

ಮಿಕ್ಸಿ ಒಂದು ರಾತ್ರಿಯವರಿಗೆ ಬೇಡವೇ ಬೇಡ. ನಾಲ್ಕು ದಿನ ಇರುವವರಿಗೆ ಬೇಕು, 500 ವ್ಯಾಟಿನದು ಚಟ್ನಿಗೆ, ಸಾರಿನ ಮಸಾಲೆಗೆ ಸಾಕು. ದೋಸೆ ಹಿಟ್ಟು ರುಬ್ಬುವವರು ಬರುತ್ತಾರೆ ಅಂತ ದೊಡ್ಡದು ಕೊಳ್ಳಬೇಡಿ, ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ.

ಫ್ರಿಜ್ ಬಗ್ಗೆ ದಾವಣಗೆರೆಯವರು ಯೋಚಿಸುವುದೇ ಬೇಡ, ಇಡಿ. ಇನ್ನೂ ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಏಪ್ರಿಲ್ ಬಿಸಿಲಿಗೆ ಹಾಲು ಮಧ್ಯಾಹ್ನದೊಳಗೆ ಒಡೆಯುತ್ತದೆ. ಒಂದು ಬಾಗಿಲಿನದು, 180 ಲೀಟರ್ ಆಸುಪಾಸಿನದು ಸಾಕು. ಹೋಟೆಲ್ ರೂಮಿನಲ್ಲಿಡುವ ಪುಟ್ಟ ಫ್ರಿಜ್‌ನಲ್ಲಿ ಒಂದು ಪಾತ್ರೆ ಸಾರು ಹಿಡಿಯಲ್ಲ. ಜನ ಇಲ್ಲದಾಗ ಆರಿಸಿ ಬಾಗಿಲು ಸ್ವಲ್ಪ ತೆರೆದಿಡಿ, ಇಲ್ಲದಿದ್ದರೆ ಬೂಷ್ಟು.

ಇನ್ನು ಚಿಕ್ಕ ಸಾಮಾನು. ಬಂದವರು ಫೋನ್ ಮಾಡಿ ಕೇಳುವುದು ಯಾವಾಗಲೂ ಇವುಗಳನ್ನೇ: ಇಕ್ಕಳ, ಲೈಟರ್, ಟೀ ಜಾಲರಿ, ಹರಿತವಾದ ಚಾಕು, ಒಗ್ಗರಣೆ ಸೌಟು, ಲಟ್ಟಣಿಗೆ ಮಣೆ, ಮಸಿಬಟ್ಟೆ, ಪಾತ್ರೆ ಸೋಪು ಮತ್ತು ನಾರು, ಕಸದ ಬುಟ್ಟಿಗೆ ಚೀಲ. ಎಲ್ಲ ಸೇರಿ ಸಾವಿರ ಚಿಲ್ಲರೆ ಆಗಬಹುದು. ಹತ್ತು ಸಾವಿರದ ಮೈಕ್ರೋವೇವ್ ಇಟ್ಟು ಇಕ್ಕಳ ಮರೆತ ಮನೆಗಳೇ ಜಾಸ್ತಿ. ಈಳಿಗೆ ಮಣೆ ಬೇಡ, ಕೂತು ಹೆಚ್ಚುವ ರೂಢಿ ಇಲ್ಲದವರು ಕೈ ಕೊಯ್ದುಕೊಳ್ಳುತ್ತಾರೆ.

ದಿನಸಿಯಲ್ಲಿ ಉಪ್ಪು, ಸಕ್ಕರೆ, ಟೀ ಪುಡಿ, ಅರಿಶಿನ, ಸಾಸಿವೆ, ಜೀರಿಗೆ, ಖಾರದ ಪುಡಿ ಚಿಕ್ಕ ಡಬ್ಬಿಗಳಲ್ಲಿ. ಎಣ್ಣೆ ಕಾಲು ಲೀಟರ್. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು ಹತ್ತಿರವೇ ಇರುವಾಗ ಶೇಂಗಾ ಎಣ್ಣೆ ಇಡಿ, ಜನ ಇಷ್ಟಪಡುತ್ತಾರೆ. ಅಕ್ಕಿ, ಬೇಳೆ ಇಡಬೇಡಿ, ಹುಳ ಬೀಳುತ್ತದೆ, ಅಂಗಡಿ ಎಲ್ಲಿ ಅಂತ ಹೇಳಿ.

ಮಾಂಸದಡುಗೆ ವಿಷಯ

ನಮ್ಮ ಊರುಗಳಲ್ಲಿ ಮನೆ ಮಾಲೀಕರಲ್ಲಿ ಸಸ್ಯಾಹಾರಿಗಳು ಬಹಳ. ಬರುವವರಲ್ಲಿ ಎಲ್ಲರೂ ಇರುತ್ತಾರೆ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆದಾಗ ನೆಂಟರು ತುಂಬಿ ತುಳುಕುತ್ತಾರೆ, ಆಗ ಬಾಡೂಟದ ಮಾತು ಬರದೆ ಇರುವುದಿಲ್ಲ. ಇಲ್ಲಿ ಮೂರು ದಾರಿ. ಪೂರ್ತಿ ಬೇಡ ಅನ್ನುವುದು: ನಿಮ್ಮ ಮನಸ್ಸಿಗೆ ನೆಮ್ಮದಿ, ಬುಕಿಂಗ್ ಒಂದಷ್ಟು ಕಡಿಮೆ. ಪೂರ್ತಿ ಬಿಡುವುದು: ಬುಕಿಂಗ್ ಜಾಸ್ತಿ, ಆದರೆ ಮುಂದೆ ಬರುವ ಸಸ್ಯಾಹಾರಿ ಸಂಸಾರ ಅದೇ ಕುಕ್ಕರ್‌ನಲ್ಲಿ ಅನ್ನ ಮಾಡಲು ಹಿಂಜರಿಯುತ್ತದೆ. ಮೂರನೆಯದು ಬೇರೆ ಪಾತ್ರೆ ಇಡುವುದು: ಬೇರೆ ಬಣ್ಣದ ಹಿಡಿಯಿರುವ ಒಂದು ಕುಕ್ಕರ್, ಒಂದು ಬಾಣಲೆ, ಒಂದು ಚಾಕು, ಎಲ್ಲ ಬೇರೆ ಕಪಾಟಿನಲ್ಲಿ. ಮೂರು ಸಾವಿರ ಹೆಚ್ಚು ಖರ್ಚು. ಜಾಗ ಇದ್ದರೆ ನಾನು ಮೂರನೆಯದನ್ನೇ ಹೇಳುತ್ತೇನೆ. ನೀವು ಇರುವ ಮನೆಯ ಮೇಲಿನ ಮಹಡಿಯೇ ಬಾಡಿಗೆಯದಾದರೆ ಮೊದಲನೆಯದೇ ಸರಿ. ವಾಸನೆಗೆ ಕಪಾಟು ಇಲ್ಲವಲ್ಲ. ಯಾವುದೇ ಆದರೂ ಬುಕಿಂಗ್ ಮಾಡುವಾಗಲೇ ಕಾಣುವಂತೆ ಬರೆದಿರಬೇಕು. ಬ್ಯಾಗ್ ಇಳಿಸಿದ ಮೇಲೆ ಹೇಳಿದರೆ ಜಗಳ.

ದುಡ್ಡಿನ ಲೆಕ್ಕ ಹಿಡಿದು ನೋಡಿದರೆ

ಕೈಯಲ್ಲಿ ಐದು ಸಾವಿರ ಮಾತ್ರ ಇದ್ದರೆ, ಮನೆ ಕೋಟೆ ಹತ್ತಿರ ಇದ್ದರೆ, ಚಹಾ ಮೂಲೆ ಮತ್ತು ನೀರಿನ ಕ್ಯಾನ್. ಉಳಿದ ದುಡ್ಡಿಗೆ ಒಂದು ಇಂಡಕ್ಷನ್ ಒಲೆ, ಒಂದು ಹಾಲಿನ ಪಾತ್ರೆ. ಹದಿನೈದು ಸಾವಿರ ಇದ್ದು ದಾವಣಗೆರೆಯಲ್ಲಿ ಆಸ್ಪತ್ರೆ ಕಡೆಯ ಮನೆಯಾದರೆ ಇಂಡಕ್ಷನ್, ಕುಕ್ಕರ್, ಚಿಕ್ಕ ಸಾಮಾನು ಮೊದಲು ಕೊಳ್ಳಿ, ಫ್ರಿಜ್ ಸೆಕೆಂಡ್ ಹ್ಯಾಂಡ್ ತಂದರೂ ನಡೆಯುತ್ತದೆ, ಮಿಕ್ಸಿ ಆಮೇಲೆ. ತೋಟದ ಮನೆಗೆ ಗ್ಯಾಸ್ ಬೇಕು, ಜೊತೆಗೆ ದಪ್ಪ ತಳದ ಮುದ್ದೆ ಪಾತ್ರೆ, ಕೋಲು, ಕವೆಗೋಲು. ಅಲ್ಲಿಗೆ ಬಂದವರಿಗೆ ಮುದ್ದೆ ತಿರುವಿ ನೋಡುವ ಆಸೆ ಇರುತ್ತದೆ, ನೀವು ಪಕ್ಕದಲ್ಲಿದ್ದು ತೋರಿಸಿದರೆ ಇನ್ನೂ ಒಳ್ಳೆಯದು.

ಬಾಡಿಗೆಗೆ ಬರುವವರು ಇದನ್ನು ಓದುತ್ತಿದ್ದರೆ, ‘ಕಿಚನ್ ಇದೆ’ ಅನ್ನುವ ಸಾಲನ್ನು ನಂಬಿ ದುಡ್ಡು ಕಟ್ಟಬೇಡಿ. ಕಪಾಟಿನ ಬಾಗಿಲು ತೆರೆದು ಒಂದು ಫೋಟೋ ಕಳಿಸಿ ಅಂತ ಕೇಳಿ. ಒಲೆ ಯಾವುದು, ಕುಕ್ಕರ್ ಎಷ್ಟು ಲೀಟರಿನದು, ಕುಡಿಯುವ ನೀರು ಎಲ್ಲಿಂದ, ಮೊಟ್ಟೆ ಬೇಯಿಸಬಹುದಾ, ಇಷ್ಟು ಕೇಳಿ. ಮಾಲೀಕರು ಆ ಫೋಟೋ ಮೊದಲೇ ಹಾಕಿಟ್ಟರೆ ಇಬ್ಬರಿಗೂ ಫೋನ್ ಖರ್ಚು ಉಳಿಯುತ್ತದೆ.